ಮೂವತ್ತಾರರ ಮೇಲೆ

"ಇನ್ನ ನಲ್ವತ್ತೇ ಸೆಕೆಂಡು ಕಣೆ" ಎಂದ ಕೆಂಪರಾಜ. ಅಂದವನು ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಉಸಿರು ಬಿಗಿಹಿಡಿದು ಕೂತ.

ಲ್ಯಾಪ್‌ಟಾಪನ್ನು ಸುತ್ತಿಟ್ಟ ಹಾಸಿಗೆಯ ಮೇಲೆ ನಿಲ್ಲಿಸಿದ್ದರು. ನವ್ಯಶ್ರೀ ಅದನ್ನು ತನ್ನ ಜೊತೆ ಕೆಲಸ ಮಾಡುವವಳ ಹತ್ತಿರ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದಳು. ಬ್ಯಾಂಕಿನ ಹರಾಜಿನಲ್ಲಿ ಯಾರ ಹೆಸರೂ ಕಾಣುವುದಿಲ್ಲ, ನಂಬರು ಮಾತ್ರ ಕಾಣುತ್ತದೆ. ಇವರ ನಂಬರು ಐದು. ಐದರ ಎದುರಿಗೆ ಮೂವತ್ತಾರು ಲಕ್ಷ ಎಂದು ಹಸಿರು ಅಕ್ಷರದಲ್ಲಿ ಇತ್ತು. ಬೆಳಿಗ್ಗೆ ಹನ್ನೊಂದರಿಂದ ಇವರ ಜೊತೆ ಜಿದ್ದಿಗೆ ಬಿದ್ದು ಏರಿಸುತ್ತಿದ್ದ ಎರಡನೇ ನಂಬರಿನವನು ಮೂವತ್ತೈದು ಮುಕ್ಕಾಲಿಗೆ ಸುಮ್ಮನಾಗಿದ್ದ. ಏಳನೇ ನಂಬರಿನವನೊಬ್ಬ ಇದ್ದ, ಅವನು ಮೊದಲಿನಿಂದಲೂ ಒಂದು ಸಲವೂ ಕೂಗಿರಲಿಲ್ಲ.

ತಲೆಯ ಮೇಲೆ ಶೀಟು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ದೇವನಹಳ್ಳಿಯ ಅನೀಸ್ ಅಹಮದ್ ಅವರ ಮನೆಯ ತಾರಸಿ ಮೇಲಿನ ಈ ಶೀಟಿನ ರೂಮಿಗೆ ಅವರು ಬಂದು ಒಂಬತ್ತು ವರ್ಷವಾಗಿತ್ತು. ಮಗಳು ಹುಟ್ಟಿದ್ದೂ ಇಲ್ಲೇ. ಬೇಸಿಗೆ ಬಂತೆಂದರೆ ಆ ಮಗುವಿನ ಬೆನ್ನೆಲ್ಲ ಬೆವರುಸಾಲೆ. ಈಗ ಅವಳು ಸ್ಕೂಲಿಗೆ ಹೋಗಿದ್ದಳು. ಕೆಂಪರಾಜ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಗಾಡಿ ಓಡಿಸುವವನು, ನವ್ಯಶ್ರೀ ಯಲಹಂಕದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಬ್ಬರೂ ಈ ಹರಾಜಿಗಾಗಿ ರಜೆ ಹಾಕಿದ್ದರು.

ಮೂರು ವರ್ಷದಿಂದ ಅವಳು ಫ್ಲಾಟು ನೋಡುತ್ತಿದ್ದಳು. ಕಟ್ಟುವವರ ಆಫೀಸಿಗೆ ಹೋದರೆ ನೀರು ಕೊಡುತ್ತಿದ್ದರು, ಎಸಿಯಲ್ಲಿ ಕೂರಿಸುತ್ತಿದ್ದರು, ಹೋದ ತಿಂಗಳು ಹೇಳಿದ್ದಕ್ಕಿಂತ ನಾಲ್ಕು ಲಕ್ಷ ಜಾಸ್ತಿ ಹೇಳುತ್ತಿದ್ದರು. ಇದೊಂದು ಮಾತ್ರ ಬೇರೆ. ಯಾರೋ ಸಾಲ ಕಟ್ಟಲಾರದೆ ಬಿಟ್ಟುಹೋದ ಫ್ಲಾಟು, ಬ್ಯಾಂಕು ಹರಾಜಿಗೆ ಇಟ್ಟಿತ್ತು. ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದ ಪ್ರಕಟಣೆಯನ್ನು ಬೆರಳಿಟ್ಟು ಓದಿ ಹುಡುಕಿದವಳು ಅವಳೇ. ಎರಡನೇ ಮಹಡಿ, ಎರಡು ರೂಮು, ಆಸ್ಪತ್ರೆಗೆ ಅಲ್ಲಿಂದ ನಡೆದೇ ಹೋಗಬಹುದು. ನೋಡಲು ಬಿಟ್ಟ ದಿನ ಅಡುಗೆಮನೆಯ ಕಿಟಕಿಯನ್ನು ತೆಗೆದು, ಮತ್ತೆ ಹಾಕಿ, ಚಿಲಕ ಸರಿಯಾಗಿ ಬೀಳುತ್ತದೆಯೇ ಅಂತ ನೋಡಿದ್ದಳು. ಬಿದ್ದಿತ್ತು.

"ಇಪ್ಪತ್ತು" ಎಂದ ಕೆಂಪರಾಜ. "ಹತ್ತೊಂಬತ್ತು..."

ಹಸಿರು ಅಕ್ಷರ ಕೆಂಪಾಯಿತು. ಏಳನೇ ನಂಬರು, ಮೂವತ್ತಾರು ಲಕ್ಷದ ಇಪ್ಪತ್ತೈದು ಸಾವಿರ. ಓಡುತ್ತಿದ್ದ ಗಡಿಯಾರ ಹಿಂದಕ್ಕೆ ಹಾರಿ ಐದು ನಿಮಿಷಕ್ಕೆ ನಿಂತಿತು. ಕೊನೆಯಲ್ಲಿ ಯಾರಾದರೂ ಏರಿಸಿದರೆ ಇನ್ನೈದು ನಿಮಿಷ ಕೊಡುವುದು ಆ ಹರಾಜಿನ ನಿಯಮ.

"ಅಯ್ಯೋ" ಎಂದ ಕೆಂಪರಾಜ. "ಹೋಯ್ತಲ್ಲೇ."

ನವ್ಯಶ್ರೀ ಪರದೆ ನೋಡಲಿಲ್ಲ. ಗಂಡನ ಮುಖ ನೋಡಿದಳು.

"ಯಾರಿಗ್ ಹೇಳ್ದೆ?"

"ಏನು?"

"ಎರಡು ಗಂಟೆ ಹೊತ್ತು ಬಾಯೇ ಬಿಡದೆ ಕೂತಿದ್ದೋನು ನಾವು ಮೂವತ್ತಾರಕ್ಕೆ ನಿಂತ ತಕ್ಷಣ ಬಾಯ್ ಬಿಟ್ಟ. ಮೂವತ್ತೈದಕ್ಕೆ ಬರ್ಲಿಲ್ಲ, ಮೂವತ್ತೈದೂವರೆಗೆ ಬರ್ಲಿಲ್ಲ. ನಮ್ಮ ಕೊನೆ ಎಲ್ಲಿ ಅಂತ ಅವನಿಗ್ ಗೊತ್ತಿತ್ತು. ಯಾರಿಗ್ ಹೇಳ್ದೆ?"

ಕೆಂಪರಾಜ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. "ಅವತ್ತು ಫ್ಲಾಟ್ ನೋಡಕ್ಕೋದಾಗ ಸಿಕ್ಕಿದ್ರಲ್ಲ, ಸೈಟ್ ವ್ಯಾಪಾರದ ಲಕ್ಷ್ಮಯ್ಯಣ್ಣ. ಅವ್ರೂ ಹರಾಜಿಗ್ ನಿಲ್ತೀನಿ ಅಂದಿದ್ರು. ನಮ್ ಕುಂದಾಣದ ಕಡೆಯೋರೇ. ನಮ್ಮಪ್ಪನ್ನ ಚೆನ್ನಾಗಿ ಬಲ್ಲೋರು. ಭಾನುವಾರ ಅವ್ರ ಆಫೀಸಿಗ್ ಹೋಗಿ ಎಲೆ ಇಟ್ಟು ಬಂದೆ."

"ಏನಿಟ್ಟು ಬಂದೆ?"

"ಎಲೆ ಕಣೆ. ಎಲೆ ಅಡಿಕೆ."

ನವ್ಯಶ್ರೀ ದೊಡ್ಡಬಳ್ಳಾಪುರದ ಮಗ್ಗದವರ ಮನೆಯ ಹುಡುಗಿ. ಈ ಎಲೆ ಇಡುವ ಸಂಗತಿಯನ್ನು ಅವಳು ಮಾವ ಅಪ್ಪಯ್ಯಣ್ಣನ ಬಾಯಲ್ಲಿ ಕೇಳಿದ್ದಳು ಅಷ್ಟೆ. ಅವರ ಊರಿನ ಕೆರೆ ಏರಿಯ ಹುಣಿಸೆಮರಗಳನ್ನು ವರ್ಷವರ್ಷ ಪಂಚಾಯ್ತಿಯವರು ಹರಾಜು ಹಾಕುತ್ತಿದ್ದರು. ಮರ ಬೇಕಾದವನು ಹಿಂದಿನ ದಿನವೇ ಉಳಿದವರ ಮನೆಗಳಿಗೆ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, "ಈ ಸಲ ನಂಗೆ ಬಿಡಿ, ನಾನು ಇಷ್ಟರವರೆಗೆ ಕೂಗ್ತೀನಿ" ಎಂದು ತನ್ನ ಕೊನೆಯ ಬೆಲೆಯನ್ನು ಹೇಳಿಬಿಡುತ್ತಿದ್ದ. ಬೆಲೆ ಬಚ್ಚಿಟ್ಟರೆ ಪುಕ್ಕಟೆ ಹೊಡೆಯಲು ಬಂದಿದ್ದಾನೆ ಅಂತ ಅನುಮಾನ. ಎಲೆ ತೆಗೆದುಕೊಂಡವನು ಮರುದಿನ ಎದುರು ಕೂಗುತ್ತಿರಲಿಲ್ಲ. ಕೂಗುವ ಮನಸ್ಸಿದ್ದವನು ತಟ್ಟೆ ಮುಟ್ಟುತ್ತಿರಲಿಲ್ಲ. ಅಪ್ಪಯ್ಯಣ್ಣ ಹಾಗೆ ಇಪ್ಪತ್ತು ವರ್ಷ ಒಂದೇ ಮರದ ಹಣ್ಣು ಬಿಡಿಸಿದ್ದರು.

"ತಗೊಂಡ್ನಾ ಎಲೆ?" ಎಂದಳು.

"ತಗೊಂಡು ಕಣ್ಣಿಗೊತ್ಕೊಂಡ್ರು ಕಣೆ. ಬಾದಾಮಿ ಹಾಲು ತರ್ಸಿದ್ರು."

"ಮೂವತ್ತಾರು ಅಂದೆ."

"ಕೇಳಿದ್ರು. ಹೇಳ್ದಿದ್ರೆ ಎಲೆ ಇಟ್ಟಂಗಾಗಲ್ಲ."

"ನಂಗ್ಯಾಕ್ ಹೇಳ್ಲಿಲ್ಲ?"

"ನೀನು ಬೇಡ ಅಂತಿದ್ದೆ."

ಅವಳಿಗೆ ಮೈಯೆಲ್ಲ ಉರಿಯಿತು. ನೆತ್ತಿಯಿಂದ ಇಳಿದ ಬಿಸಿ ಕಿವಿಗಳಲ್ಲಿ ನಿಂತಿತು. ಗಡಿಯಾರದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಉಳಿದಿತ್ತು. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏನ್ ಮಾಡ್ತೀಯಾ? ಮೂವತ್ತಾರೇ ನಮ್ದು ಕೊನೆ!"

"ಅದು ನಿನ್ ಕೊನೆ" ಎಂದು ಒತ್ತಿದಳು. ಮೂವತ್ತಾರೂವರೆ.

"ನವ್ಯಾ, ದುಡ್ಡು ಎಲ್ಲಿಂದ ತರೋದೇ? ಬ್ಯಾಂಕಿನೋರು ಇದಕ್ಕಿಂತ ಒಂದು ಪೈಸಾ ಜಾಸ್ತಿ ಸಾಲ ಕೊಡಲ್ಲ."

"ನನ್ ಹತ್ರ ಮೂರು ಲಕ್ಷ ಇದೆ."

ಕೆಂಪರಾಜ ಬಾಯಿ ತೆರೆದು ಅವಳನ್ನು ನೋಡಿದ. ನೈಟ್ ಡ್ಯೂಟಿಗೆ ಕೊಡುವ ಹೆಚ್ಚಿನ ದುಡ್ಡನ್ನು ಅವಳು ಬೇರೆ ಖಾತೆಯಲ್ಲಿ ಹಾಕುತ್ತಾ ಬಂದಿದ್ದಳು. ಬಾಣಂತನ ಮುಗಿಸಿ ಹೋಗುವಾಗ ತಾಯಿ ವರಲಕ್ಷ್ಮಮ್ಮ ಬಳೆ ಮಾಡಿಸಿಕೋ ಎಂದು ಕೊಟ್ಟ ದುಡ್ಡೂ ಅದರಲ್ಲೇ ಇತ್ತು.

"ನನಗೇ ಹೇಳ್ಲಿಲ್ವಲ್ಲೇ. ಕಟ್ಕೊಂಡ ಗಂಡನಿಗೆ!"

"ನಿಂಗ್ ಹೇಳಿದ್ರೆ ಇವತ್ತು ಲಕ್ಷ್ಮಯ್ಯಂಗೂ ಗೊತ್ತಿರ್ತಿತ್ತು."

ಕೆಂಪು ಬಂತು. ಮೂವತ್ತಾರು ಮುಕ್ಕಾಲು. ಅವಳು ಒಂದು ಕ್ಷಣವೂ ಕಾಯದೆ ಮೂವತ್ತೇಳು ಒತ್ತಿದಳು. ಹಾಗೆ ಒತ್ತಬಾರದು, ಕೊನೆಯ ನಿಮಿಷದವರೆಗೆ ಕಾಯಬೇಕು ಅಂತ ಅವಳೇ ಗಂಡನಿಗೆ ವಾರವೆಲ್ಲ ಪಾಠ ಹೇಳಿದ್ದಳು. ಈಗ ಅದು ಬೇಡವಾಗಿತ್ತು. ಆ ಕಡೆ ಕೂತವನಿಗೆ ಇವಳ ಬೆರಳು ತಾಗಬೇಕಿತ್ತು.

ಕೆಂಪರಾಜನ ಫೋನು ಹೊಡೆದುಕೊಂಡಿತು. ನೋಡಿ ಬಿಳಿಚಿಕೊಂಡ.

"ಅವ್ರೇ."

"ಎತ್ತು. ಜೋರಾಗಿ ಕೇಳಂಗ್ ಇಡು."

"ಏನಪ್ಪಾ ಕೆಂಪರಾಜ!" ಲಕ್ಷ್ಮಯ್ಯನ ದನಿ ಶೀಟಿಗೆ ಬಡಿಯುವಷ್ಟು ದೊಡ್ಡದಾಗಿತ್ತು. "ಮೂವತ್ತಾರು ಅಂದಿದ್ದೆ! ಎಲ್ಲೋ ಓಯ್ತಾ ಇದೀಯಾ?"

"ಅಣ್ಣಾ, ಅದೂ..."

"ಎಲೆ ಇಟ್ಟು ಒಂದು ಮಾತೇಳಿದ ಮೇಲೆ ಅದರ ಮೇಲೆ ನಿಂತ್ಕಬೇಕು. ಅಪ್ಪಯ್ಯಣ್ಣನ ಮಗ ಮಾತಿಗ್ ತಪ್ತಾನೆ ಅಂತ ನಾನು ಕನ್ಸಲ್ಲೂ ಅಂದ್ಕೊಂಡಿರ್ಲಿಲ್ಲ ಕಣಯ್ಯ."

ನವ್ಯಶ್ರೀ ಫೋನಿನ ಕಡೆ ಬಾಗಿದಳು. "ಎಲೆ ತಗೊಂಡೋರು ನೀವು. ತಗೊಂಡು ಎದುರು ಕೂಗಿದೋರು ನೀವು."

"ಯಾರಮ್ಮಾ ಅದು? ಓ, ನಮ್ ಸೊಸೆನಾ! ಕೇಳವ್ವ, ನಾನು ಲೆಕ್ಕ ತಪ್ಪೋನಲ್ಲ. ಮೂವತ್ತಾರರವರೆಗೂ ನಿನ್ ಗಂಡನಿಗೆ ಬಿಟ್ಟಿದ್ದೆ, ಬಿಟ್ಟಿದ್ದೀನಿ. ಅದರೊಳಗೆ ಒಂದು ಸಲ ಕೂಗಿದ್ನಾ? ನೀನೇ ನೋಡಿದೀಯಲ್ಲ. ಮೂವತ್ತಾರರ ಮೇಲೆ ಅದು ನಿಮ್ದಲ್ಲವ್ವ, ಯಾರು ಬೇಕಾದ್ರೂ ಕೂಗ್ಬೋದು. ನಾನ್ ಕೂಗ್ದೆ. ತಪ್ಪೇನು?"

ಎಲ್ಲವನ್ನೂ ಸಲೀಸಾಗಿ ಹೇಳಿದ. ಅಷ್ಟರಲ್ಲೇ ಪರದೆ ಕೆಂಪಾಯಿತು. ಮೂವತ್ತೇಳೂಕಾಲು. ಮಾತಾಡುತ್ತಲೇ ಒತ್ತಿದ್ದ.

ಅವಳ ಪಕ್ಕದಲ್ಲಿ ಕೆಂಪರಾಜ ಫೋನಿಗೆ ಕೈಮುಗಿದ. ಕಾಣದ ಮನುಷ್ಯನಿಗೆ, ನಿಜವಾಗಿ, ಎರಡೂ ಕೈ ಜೋಡಿಸಿದ. "ತಪ್ಪಾಯ್ತಣ್ಣ. ಮನೆಯೋಳಿಗೆ ಇದೆಲ್ಲ ಗೊತ್ತಾಗಲ್ಲ. ಬೇಜಾರ್ ಮಾಡ್ಕೋಬೇಡಿ."

ಅಲ್ಲಿಯವರೆಗೂ ಅವಳ ಸಿಟ್ಟು ಫೋನಿನ ಒಳಗಿನ ದನಿಯ ಮೇಲಿತ್ತು. ಆ ಜೋಡಿಸಿದ ಕೈ ನೋಡಿದ ಮೇಲೆ ಅದು ಈ ಕಡೆ ತಿರುಗಿತು. ಮೋಸ ಮಾಡಿದವನು ಮೋಸ ಮಾಡಿದ, ಅದು ಅವನ ಕಸುಬು. ಇವನು ಅವನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ. ಕ್ಷಮೆ ಕೇಳುವುದಕ್ಕೆ ಇವಳ ಹೆಸರು ಹೇಳುತ್ತಿದ್ದಾನೆ.

"ಹೋಗ್ಲಿ ಬಿಡು" ಎಂದಿತು ಫೋನು, ಈಗ ಮೆತ್ತಗೆ. "ನಮ್ ಕಡೆ ಹುಡುಗ. ಒಂದ್ ಕೆಲ್ಸ ಮಾಡು. ಇನ್ನೊಂದ್ ಸಲ ಒತ್ತು, ಮೂವತ್ತೇಳೂವರೆ. ನಾನ್ ಸುಮ್ನಾಗ್ತೀನಿ. ಫ್ಲಾಟು ನಿಂದು. ನಾಳೆ ಬಂದು ಒಂದು ಲಕ್ಷ ನನ್ ಕೈಲಿ ಇಟ್ಟೋಗು. ಇಲ್ಲಾಂದ್ರೆ ನಾನು ನಲ್ವತ್ತಕ್ಕೂ ಓಗೋನೇ."

ಕೆಂಪರಾಜನ ಮುಖದಲ್ಲಿ ಜೀವ ಬಂತು. ಫೋನಿನ ಮೇಲೆ ಅಂಗೈ ಮುಚ್ಚಿ, "ಒಂದೇ ಲಕ್ಷ ಕಣೆ. ನಿನ್ ಹತ್ರ ಮೂರಿದೆ. ಇನ್ನೂ ಮಿಕ್ತದೆ. ಒಪ್ಕೊಂಡ್ಬಿಡಾಣ" ಎಂದ.

"ಅವನಿಗೆ ಯಾಕ್ ಕೊಡ್ಬೇಕು?"

"ಬುಟ್ಟು ಕೊಡ್ತಾರಲ್ಲ!"

"ಅವನ್ದಾ ಅದು, ಬಿಟ್ಟು ಕೊಡಕ್ಕೆ?"

"ಅಂಗಲ್ಲ ಕಣೆ, ದೊಡ್ಡೋರು, ನಾಳೆ ಊರಲ್ಲಿ ಮುಖ ನೋಡ್ಬೇಕು..."

"ಏನಪ್ಪಾ, ಗಂಡ ಹೆಂಡ್ತಿ ಮೀಟಿಂಗ್ ಮುಗೀತಾ?" ಎಂದಿತು ಫೋನು. ಹಿಂದೆ ಇನ್ಯಾರೋ ನಕ್ಕಿದ್ದು ಕೇಳಿಸಿತು.

ಒಂದು ನಿಮಿಷ ಇತ್ತು. ನವ್ಯಶ್ರೀ ಮೂವತ್ತೇಳೂವರೆ ಎಂದು ಬಡಿದಳು. ಅದನ್ನು ನೋಡಿ ಕೆಂಪರಾಜ ಉಸಿರು ಬಿಟ್ಟ. ಅವಳು ಅದನ್ನು ಅಳಿಸಿ, ಮೂವತ್ತೆಂಟೂವರೆ ಎಂದು ಬಡಿದು, ಒತ್ತಿಬಿಟ್ಟಳು.

"ನೀವು ಕೇಳಿದ ಒಂದು ಲಕ್ಷನೂ ಸೇರ್ಸಿ ಬ್ಯಾಂಕಿಗೇ ಹಾಕಿದೀನಿ" ಎಂದಳು ಫೋನಿಗೆ. "ಬೇಕಾದ್ರೆ ಅಲ್ಲಿಗೋಗಿ ಕೇಳ್ಕೊಳಿ. ನಲ್ವತ್ತಕ್ಕೆ ಹೋಗ್ತೀರಲ್ಲ, ಹೋಗಿ. ಗೆದ್ದೋರು ಇವತ್ತೇ ಕಾಲು ಭಾಗ ದುಡ್ಡು ಕಟ್ಬೇಕು, ಕಟ್ಟಿ. ನಾನು ಇಲ್ಲೇ ಕೂತಿರ್ತೀನಿ."

ಆ ಕಡೆ ನಗುತ್ತಿದ್ದವನೂ ನಿಲ್ಲಿಸಿದ್ದ.

"ಕೆಂಪರಾಜ" ಎಂದಿತು ದನಿ. "ಹೆಂಗಸ್ರ ಕೈಗೆ ಕೊಟ್ಟು ಕೂತಿದೀಯಲ್ಲೋ. ಥೂ." ಫೋನು ಕಟ್ಟಾಯಿತು.

ಐದು ನಿಮಿಷ. ಕೆಂಪರಾಜನಿಗೆ ಎದ್ದು ಓಡಾಡಬೇಕೆನಿಸಿತು, ಆದರೆ ಆ ರೂಮಿನಲ್ಲಿ ಓಡಾಡಲು ಜಾಗವಿರಲಿಲ್ಲ. ನವ್ಯಶ್ರೀ ತೋರುಬೆರಳನ್ನು ಒತ್ತುವ ಜಾಗದ ಮೇಲೆ ಇಟ್ಟುಕೊಂಡೇ ಕೂತಳು. ತನ್ನ ಹತ್ತಿರ ಇನ್ನು ಇಪ್ಪತ್ತೈದು ಸಾವಿರದ ಎರಡೇ ಮೆಟ್ಟಿಲು ಉಳಿದಿದೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ಇನ್ನು ಎರಡು ಸಲ ಒತ್ತಿದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಆ ಫ್ಲಾಟಿಗೆ ಅಷ್ಟು ಬೆಲೆಯಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು.

ಮೂರು. ಎರಡು. ಒಂದು.

ಹರಾಜು ಮುಕ್ತಾಯವಾಗಿದೆ, ಎಂದು ಬಂತು. ಕೆಳಗೆ ಐದನೇ ನಂಬರಿಗೆ ಅಭಿನಂದನೆ.

"ಬಂತು ಕಣೇ!" ಕೆಂಪರಾಜ ಎದ್ದು ನಿಂತ. ಕಣ್ಣು ತುಂಬಿಕೊಂಡಿತ್ತು. "ನಮಗೇ ಬಂತು!" ಅವಳ ಭುಜ ಹಿಡಿಯಲು ಕೈ ಚಾಚಿದ.

ಅವಳು ಭುಜವನ್ನು ಸರಿಸಿಕೊಂಡಳು. ಲ್ಯಾಪ್‌ಟಾಪ್ ಮುಚ್ಚಿ ಅದರ ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಎರಡೂವರೆ ಲಕ್ಷ" ಎಂದಳು. "ಮೂವತ್ತಾರಕ್ಕೆ ಆಗಿತ್ತು ಅದು. ಇಪ್ಪತ್ತು ಸೆಕೆಂಡು ಇತ್ತು, ಆಗಿತ್ತು. ನಾಲ್ಕು ವರ್ಷ ರಾತ್ರಿ ನಿದ್ದೆ ಬಿಟ್ಟಿದೀನಿ ನಾನು. ಒಂದು ಕಟ್ಟು ಎಲೇಲಿ ಸುತ್ತಿ ಅವನಿಗೆ ಕೊಟ್ಟು ಬಂದೆ."

"ನಮ್ಮಪ್ಪ ಮಾಡ್ತಿದ್ದಂಗೇ ಮಾಡ್ದೆ ಕಣೆ. ಒಳ್ಳೇದಾಗ್ಲಿ ಅಂತ..."

"ನಿಮ್ಮಪ್ಪನ ಎಲೆ ತಗೊಂಡೋರು ಪಕ್ಕದ ಮನೇಲಿ ಇರ್ತಿದ್ರು. ಬೆಳಿಗ್ಗೆ ಎದ್ರೆ ಮುಖ ಕಾಣ್ತಿತ್ತು. ಇವನು ಒಂದು ನಂಬರು."

ಕೆಂಪರಾಜ ಮತ್ತೆ ಕೂತ. ಫೋನು ಕೈಗೆತ್ತಿಕೊಂಡ. "ಅಪ್ಪಂಗಾದ್ರೂ ಒಂದ್ ಮಾತು..."

ಅವಳು ತಿರುಗಿ ನೋಡಿದಳು. ಅವನು ಫೋನನ್ನು ಹಾಸಿಗೆಯ ಮೇಲೆ ಕವುಚಿ ಇಟ್ಟ.

ಅವಳು ಮುದ್ದೆ ತಟ್ಟೆ ಒಂದನ್ನೇ ತೆಗೆದು, ಒಲೆಯ ಕಡೆಗೆ ಮುಖ ಮಾಡಿ ಕೂತು, ಬೆಳಗಿನ ಸಾರು ಹಾಕಿಕೊಂಡು ಉಣ್ಣಲು ತೊಡಗಿದಳು. ತಣ್ಣಗಾಗಿತ್ತು. ಬಿಸಿ ಮಾಡಲು ಹೋಗಲಿಲ್ಲ.

ಕೆಂಪರಾಜ ಗಾಳಿಗೆಂದು ಬಾಗಿಲ ಹತ್ತಿರ ಹೋಗಿ ನಿಂತ. ಕೆಳಗೆ ಅಂಗಳದಲ್ಲಿ ಅನೀಸ್ ಅಹಮದ್ ತಮ್ಮ ಸ್ಕೂಟರು ತೊಳೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಈ ಮನೆಯ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಕೆಂಪರಾಜ ಮೊದಲು ಹೇಳುತ್ತಿದ್ದುದು ಅವರಿಗೇ.

"ಕ್ಯಾ ಕೆಂಪರಾಜ್" ಎಂದರು ತಲೆಯೆತ್ತಿ. "ಗಂಡ ಹೆಂಡ್ತಿ ಇಬ್ರೂ ರಜಾನಾ ಇವತ್ತು? ಏನೋ ಜೋರು ಜೋರು ಮಾತು. ಏನ್ ವಿಷ್ಯ?"

ಕೆಂಪರಾಜನ ಬಾಯಿ ತೆರೆಯಿತು. ಹಿಂದೆ ತಟ್ಟೆಯ ಮೇಲಿನ ಕೈ ನಿಂತದ್ದು ಅವನಿಗೆ ನೋಡದೆಯೂ ತಿಳಿಯಿತು.

"ಏನಿಲ್ಲ ಸಾಬ್ರೆ" ಎಂದ. "ಸುಮ್ನೆ."

ಅನೀಸ್ ಅಹಮದ್ ನಂಬಲಿಲ್ಲ. ಇವನ ಬಾಯಿಂದ ಇನ್ನೇನೋ ಬರುತ್ತದೆಂದು ತಲೆ ಎತ್ತಿಕೊಂಡೇ ನಿಂತರು. ಕೈಯಲ್ಲಿದ್ದ ಪೈಪಿನ ನೀರು ಸ್ಕೂಟರನ್ನು ಬಿಟ್ಟು, ಅಂಗಳ ದಾಟಿ, ಗೇಟಿನ ಕೆಳಗಿನಿಂದ ಬೀದಿಗೆ ಹರಿಯುತ್ತಿತ್ತು.