ನಿಲ್ಲೂಕೆ ಬೇಕಾದ ಟಯರು

"ಓಡೂಕಲ್ಲ ಬೊಮ್ಮು, ನಿಲ್ಲೂಕೆ ಬೇಕು," ಎಂದಳು ಹೀರಾ.

ಅಂಕೋಲೆಯ ಹೆದ್ದಾರಿ ಬದಿಯ ಅಂಗಡಿಯಲ್ಲಿ ಬೊಮ್ಮು ಗಾಳಿ ಹೊಡೆಯುವ ಪೈಪು ಹಿಡಿದು ಹಾಗೇ ನಿಂತ. ಇಷ್ಟು ವರ್ಷ ಟಯರಿಗೆ ಬಂದವರೆಲ್ಲ ಎಷ್ಟು ಕಿಲೋಮೀಟರ್ ಬರ್ತದೆ ಎಂದೇ ಕೇಳಿದ್ದರು.

"ನಿಲ್ಲೂಕಾದ್ರೆ ಟಯರ್ ಯಂತಕೆ ಹೀರಕ್ಕ? ನಾಲ್ಕು ಚಿರೇಕಲ್ಲು ಇಟ್ರೆ ಸಾಕಲ್ಲ."

"ಕಲ್ಲು ಇಟ್ರೆ ಮನೆ ಆಗ್ತದೆ. ನಂಗೆ ಅದು ಗಾಡಿಯಾಗೇ ಇರಬೇಕು."

ಗಾಡಿಯೆಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್. ಒಳಗೆ ಎರಡು ಹಾಸಿಗೆ, ಒಂದು ಒಲೆ, ಕಿಟಕಿಗೆ ಹೂವಿನ ಪರದೆ. ಅವಳ ಗಂಡ ಕಾಶಿ ಗೋವಾದಲ್ಲಿ ಆಸೆಪಟ್ಟು ಕೊಂಡಿದ್ದು. ಇಬ್ಬರೂ ಎರಡು ಸಲ ಊರು ಸುತ್ತಿ ಬರುವಷ್ಟರಲ್ಲಿ ಅವನೇ ಹೋಗಿಬಿಟ್ಟ. ಆಮೇಲೆ ಆರು ವರ್ಷ ಗಾಡಿ ಹಿತ್ತಿಲಲ್ಲಿ ತಾಡಪತ್ರಿ ಹೊದ್ದು ನಿಂತು, ಅದರ ಎರಡೂ ಟಯರು ಬೇಸಿಗೆಯ ಹಿಮ್ಮಡಿಯ ಹಾಗೆ ಬಿರಿದಿದ್ದವು.

ಹೀರಾಳ ತವರು ಕಾಳಿ ನದಿಯ ದಂಡೆಯ ಚಿತ್ತಾಕುಲ. ಹಾಸಿಗೆ ಹಿಡಿದ ಆಯಿಯನ್ನು, ಹೆತ್ತ ತಾಯಿಯನ್ನು, ನಾಲ್ಕು ವರ್ಷ ಮೀಯಿಸಿ ಉಣಿಸಿದವಳು ಅವಳು. ಆಯಿಯ ಹನ್ನೆರಡನೆಯ ದಿನ ಊಟದ ಬಾಳೆ ಎತ್ತುವ ಮೊದಲೇ ಕಾಗದ ತಂದು ಅವಳಿಂದ ಸಹಿ ಹಾಕಿಸಿ ಮನೆಯನ್ನು ಬರೆಸಿಕೊಂಡವನು ಅಣ್ಣ ಭರತ. ವರ್ಷದೊಳಗೆ ಮನೆಗೆ ಬಣ್ಣ ಬಳಿದು ಹೋಮ್‌ಸ್ಟೇ ಮಾಡಿ, 'ಆಯಿಮನೆ' ಎಂದು ಬೋರ್ಡು ಹಾಕಿದ. ಆಯಿಯ ಸೀರೆ ಪೆಟ್ಟಿಗೆಯನ್ನಾದರೂ ತರೋಣವೆಂದು ಹೋದ ಹೀರಾಳನ್ನು ಗೇಟಿನವನು, "ಬುಕಿಂಗ್ ಆಗಿದ್ಯಾ ಮೇಡಂ?" ಎಂದು ಕೇಳಿದ. ಜಗಲಿಯಲ್ಲಿದ್ದ ಭರತ ಪೇಪರು ಕೆಳಗಿಳಿಸಲಿಲ್ಲ. "ಈಗ ಸೀಸನ್ ಹೀರಾ. ಎಲ್ಲೂ ಜಾಗ ಇಲ್ಲ," ಎಂದ.

ಕಾಳಿ ಸೇತುವೆ ದಾಟುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ಅತ್ತಿದ್ದರೆ ಅಲ್ಲೇ ಮುಗಿಯುತ್ತಿತ್ತೋ ಏನೋ. ಅಣ್ಣನ ಆ ಮಾತನ್ನು ಯಾರಲ್ಲೂ ಆಡದೆ, ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ ಮತ್ತೆ ಮತ್ತೆ ತೆಗೆದು ನೋಡಿಕೊಂಡಳು.

ಬರೆಸಿಕೊಂಡ ಕಾಗದದಲ್ಲಿ ಭರತ ಒಂದನ್ನು ಬಿಟ್ಟಿದ್ದ. ಮನೆಯೆದುರಿನ ರಸ್ತೆಯಾಚೆ ನದಿಯ ಕಡೆಗಿದ್ದ, ಆಯಿ ಮೀನು ಒಣಗಿಸುತ್ತಿದ್ದ ಮರಳಿನ ತುಂಡು. ಆಯಿ ಅದನ್ನು ಎಂದೋ ಹೀರಾಳ ಹೆಸರಿಗೆ ಮಾಡಿದ್ದಳು. ಮರಳನ್ನು ಆಸ್ತಿಯೆಂದು ಎಣಿಸುವವರು ಯಾರು? ಆದರೆ ಭರತನ ನಾಲ್ಕೂ ರೂಮುಗಳ ಕಿಟಕಿ ತೆರೆಯುವುದು ಅದೇ ಮರಳಿನ ಮೇಲೆ, ಅದರಾಚೆಯ ನೀರಿನ ಮೇಲೆ. ಅಲ್ಲಿ ಒಂದು ಶೆಡ್ ಕಟ್ಟಲೇ ಎಂದು ಕೇಳಿದಾಗ ಪಂಚಾಯ್ತಿಯ ನಾಗಶ್ರೀ ಮೇಡಂ ನಕ್ಕಿದ್ದರು. "ನೀರಿನ ದಂಡೆ, ಏನೂ ಕಟ್ಟೋ ಹಾಗಿಲ್ಲಮ್ಮ. ಬೇಕಾದ್ರೆ ಉರುಳೋ ಗಾಡಿ ಇಟ್ಕೊಳ್ಳಿ."

ಹೀರಾ ನಗಲಿಲ್ಲ. ಮರುದಿನವೇ ತಾಡಪತ್ರಿ ಎಳೆದು ಹಾಕಿದ್ದಳು.

ಬೊಮ್ಮು ಮೊದಲು ತೋರಿಸಿದ್ದು ಕಾರಿನ ಟಯರು. "ಇದ್ರ ಬದಿ ಮೆತ್ತಗೆ. ತಿಂಗಳುಗಟ್ಟಲೆ ಭಾರ ಹೊತ್ರೆ ಜಗ್ಗಿ ಹೋಗ್ತದೆ," ಎಂದು ಅವನೇ ಬದಿಗಿಟ್ಟ. ಹಳೆಯದಕ್ಕೆ ಹೊಸ ರಬ್ಬರು ಹಚ್ಚಿ ರೀಟ್ರೆಡ್ ಮಾಡಿದ್ದಕ್ಕೆ ಬಿಸಿಲು ತಾಗಿದರೆ ಮೇಲಿನ ಪದರ ಏಳುತ್ತದೆಂದ. ಕೊನೆಗೆ ಸಣ್ಣ ಲಗೇಜ್ ಗಾಡಿಗೆ ಹಾಕುವ, ದಪ್ಪ ಬದಿಯ ಅಗಲ ಟಯರುಗಳನ್ನು ಉರುಳಿಸಿ ತಂದ. ಹೀರಾ ಸೆರಗಿನಿಂದ ಧೂಳು ಒರೆಸಿ, ಟಯರು ಯಾವಾಗ ತಯಾರಾಯಿತೆಂದು ಹೇಳುವ ನಾಲ್ಕು ಅಂಕೆಗಳನ್ನು ಹುಡುಕಿದಳು. ಮೊದಲೆರಡು ವಾರ, ಕಡೆಯೆರಡು ವರ್ಷ. ಕಾಶಿ ಹೇಳಿಕೊಟ್ಟದ್ದು.

"ಇವು ಮೂರು ವರ್ಷದಿಂದ ನಿನ್ನ ಅಟ್ಟದಲ್ಲೇ ಮಲಗಿದ್ವಲ್ಲ?"

"ಅಯ್ಯೋ ಮಾರಾಯ್ತಿ! ನಿಮ್ಮ ಕಣ್ಣು ತಪ್ಪಿಸೂಕೆ ಬರೂದಿಲ್ಲ," ಎಂದು ಬೊಮ್ಮು ಹೊಸ ಜೋಡಿ ತಂದ. "ಆದ್ರೆ ಕೇಳಿ. ಟಯರು ಓಡಿ ಹಾಳಾಗೂದಕ್ಕಿಂತ ನಿಂತು ಹಾಳಾಗೂದೇ ಹೆಚ್ಚು. ಅಡಿಗೆ ಹಲಗೆ ಹಾಕಿ. ಬಿಸಿಲಿಗೆ ಗೋಣಿ ಹೊದಿಸಿ. ತಿಂಗಳಿಗೊಂದ್ಸಲ ಅರ್ಧ ಸುತ್ತು ಉರುಳಿಸಿ, ಇಲ್ಲಾಂದ್ರೆ ಅಡಿ ಚಪ್ಪಟೆಯಾಗಿ ಹಂದಾಡೂದೇ ಇಲ್ಲ. ಇಷ್ಟೆಲ್ಲ ಉಪಚಾರ ಯಾರಿಗೆ ಹೀರಕ್ಕ?"

"ನಮ್ಮಣ್ಣಂಗೆ."

ಬೊಮ್ಮುವಿನ ಜೀಪು ಗಾಡಿಯನ್ನು ಆ ಮರಳಿಗೆ ಎಳೆದು ತಂದು, ಹಳೇ ದೋಣಿಯ ಹಲಗೆಗಳ ಮೇಲೆ, ನಾಲ್ಕೂ ಕಿಟಕಿಗಳಿಗೆ ಅಡ್ಡವಾಗಿ ನಿಲ್ಲಿಸಿತು. ಹೀರಾ ಮೆಟ್ಟಿಲಲ್ಲಿ ಕೂತು ಚಹಾ ಕುಡಿದಳು. ಆಮೇಲೆ ಹಗ್ಗ ಕಟ್ಟಿ, ಆಯಿ ಮಾಡುತ್ತಿದ್ದ ಹಾಗೆಯೇ, ಉಪ್ಪು ಹಚ್ಚಿದ ಬಂಗುಡೆ ಒಣಹಾಕಿದಳು. ಆಯಿಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಭರತ ರಸ್ತೆ ದಾಟಿ ಬಂದ. "ಯಂತ ಇದು? ಗಾಡಿ ತೆಗಿ ಹೀರಾ."

"ಈಗ ಸೀಸನ್ ಅಣ್ಣ. ಎಲ್ಲೂ ಜಾಗ ಇಲ್ಲ."

ಆ ಮಾತಿಗಾಗಿಯೇ ಅವಳು ಎರಡು ವರ್ಷ ಕಾದಿದ್ದಳು. ಆದರೂ ಹೇಳಿ ಮುಗಿಸಿದ ಮೇಲೆ ಹೊಟ್ಟೆ ತುಂಬಲಿಲ್ಲ.

ಮೂರನೆಯ ತಿಂಗಳಲ್ಲಿ ಭರತ ದೂರು ಕೊಟ್ಟ. ಗಾಡಿ ಹಂದಾಡುವುದಿಲ್ಲ, ಮರಳಲ್ಲಿ ಹೂತಿದೆ, ಈಗ ಅದು ಕಟ್ಟಡವೇ, ತೆಗೆಸಬೇಕು ಎಂದು. ನಾಗಶ್ರೀ ಮೇಡಂ ನೋಡಲು ಬಂದ ದಿನ ಹೀರಾ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಜ್ವರ ಬಂದು ಹಿಂದಿನ ತಿಂಗಳು ಅಂಕೋಲೆಯಿಂದ ಬರಲಾಗಿರಲಿಲ್ಲ. ಅರ್ಧ ಸುತ್ತು ತಪ್ಪಿತ್ತು.

"ಉರುಳದಿದ್ರೆ ತೆಗೆಸಲೇಬೇಕಾಗ್ತದೆ," ಎಂದರು ಮೇಡಂ. "ಎಲ್ಲಿ, ತಳ್ಳಿ ತೋರಿಸಿ."

"ನಾನೇ ತೋರಿಸ್ತೇನೆ," ಎಂದು ಭರತ ತನ್ನ ಇಬ್ಬರು ಕೆಲಸದವರನ್ನು ಕರೆದ. ಹೀರಾ ಗೋಣಿ ಸರಿಸಿ, ಬ್ರೇಕು ಬಿಟ್ಟಳು. ಮೂವರೂ ಕೈಯಿಟ್ಟರು. ಗಾಡಿ ಅಲುಗಲಿಲ್ಲ. ಭರತ ಮೇಡಂ ಕಡೆ ತಿರುಗಿ ನಕ್ಕ.

ಹೀರಾ ಕಂಡಿದ್ದಳು. ಅವನ ಅಂಗೈ ಗಾಡಿಗೆ ತಾಗಿತ್ತು, ಅಷ್ಟೆ. ಯಜಮಾನ ತಳ್ಳದಿದ್ದರೆ ಆಳುಗಳು ತಳ್ಳುತ್ತಾರೆಯೇ? ಅವಳು ಅವನ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದಳು.

"ಆಯಿಯ ಮನೆ ಬರೆಸ್ಕೊಳ್ಳೂಕೆ ಇದ್ದ ಜೋರು ಈಗ ಎಲ್ಲಿ ಹೋಯ್ತಾ ಅಣ್ಣ? ಆಯಿಯ ಎದುರು ಒಂದ್ಸಲನಾದ್ರೂ ಗಂಡಸಿನ ಹಾಗೆ ನಿಂತಿದ್ಯ?"

ಭರತನ ಕಿವಿ ಕೆಂಪಾಯಿತು. "ಬಾಯಿ ಮುಚ್ಚೆ!" ಎಂದವನೇ ಭುಜ ಕೊಟ್ಟು, ಹಲ್ಲು ಕಚ್ಚಿ, ತಂಗಿಯನ್ನೇ ನೂಕುವವನ ಹಾಗೆ ನೂಕಿದ. ಗಾಬರಿಯಾದ ಆಳುಗಳೂ ಜೊತೆಗೆ ನೂಕಿದರು. ದೋಣಿಯ ಹಲಗೆ ಕಿರ್ರೆಂದಿತು. ಟಯರು ಸಾವಕಾಶ ತಿರುಗಿತು. ಹಗ್ಗದ ಬಂಗುಡೆಗಳು ತೂಗಿ ಅವನ ಮುಖಕ್ಕೆ ತಾಗಿದವು.

"ಉರುಳ್ತದಲ್ರೀ," ಎಂದು ನಾಗಶ್ರೀ ಮೇಡಂ ಪೆನ್ನು ತೆಗೆದು ಬರೆದುಕೊಂಡರು.

ಹೀರಾ ಬಗ್ಗಿ ಟಯರಿನ ಅಡಿ ಸವರಿ ನೋಡಿದಳು. ಒಂದು ಕಡೆ ತುಸು ಚಪ್ಪಟೆ, ಬಿರುಕಿಲ್ಲ. ಬ್ರೇಕು ಎಳೆದು ಗೋಣಿ ಹೊದಿಸಿದಳು.

"ಸಮಾ ಅರ್ಧ ಸುತ್ತಾಯ್ತು," ಎಂದಳು. "ಬರೂ ತಿಂಗಳೂ ಬಾ ಅಣ್ಣ."