ಬ್ರೆಡ್ ತರಲು ಹೋದ ದೇವರು

ಎಡಗಡೆಯ ಕೂದಲಿಗೆ ಬಿಳಿ ಬಣ್ಣ ಹಚ್ಚಿ ಮುಗಿದಿತ್ತು, ಬಲಗಡೆ ಬಾಕಿ; ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಇನ್ನೂ ಮನೇಲೇ ಇದ್ದೀಯಾ?"

"ಹೂಂ."

"ಡಾಕ್ಟರು ಇವತ್ತೇ ಅಂದ್ರಂತಲ್ಲೋ. ಸಾವಾಗೋ ಮನೇಲಿ ನಮ್ಮೋರು ಇರಬಾರದು. ಹೊರಡು."

ಊರಿಗೆಲ್ಲ ಅವನು ಸಂಗೀತದ ಮೇಷ್ಟ್ರು. ಅಸಲಿಗೆ ಗ್ರೀಕರ ಹಳೆಯ ದೇವರು, ಮುಪ್ಪೇ ಬಾರದವನು; ಹೆಂಡತಿಯ ವಯಸ್ಸಿಗೆ ಸರಿಯಾಗಿ ಕಾಣಲೆಂದೇ ಆ ಬಿಳಿ ಬಣ್ಣ. ಬೆಟ್ಟದ ಮೇಲಿನ ಮನೆತನ ಹರಿದು ಹಂಚಿಹೋದ ಮೇಲೆ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದಿದ್ದರು. ಸಿಡಿಲೆಸೆಯುತ್ತಿದ್ದ ಅಪ್ಪ ಈಗ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ. ಯಾರೂ ಮಾತು ಕೇಳುವುದಿಲ್ಲವೆಂದು ಲಿಫ್ಟಿನಲ್ಲಿ ದಿನಾ ನೋಟೀಸು ಅಂಟಿಸುತ್ತಾನೆ. ಬೇಟೆಯಾಡುತ್ತಿದ್ದ ಅಕ್ಕ ಸಿರಿವಂತರ ನಾಯಿಗಳಿಗೆ ಶಿಸ್ತು ಕಲಿಸುತ್ತಾಳೆ. ಕಸುಬು ಹೋಯಿತು, ಮಡಿ ಮಾತ್ರ ಹೋಗಲಿಲ್ಲ. ಕಣ್ಣೆದುರು ಮನುಷ್ಯರು ಸತ್ತರೆ ದೇವರಿಗೆ ಮೈಲಿಗೆ.

"ಅವಳು ನನ್ನ ಹೆಂಡ್ತಿ ಕಣೇ."

"ಇಂಥೋರು ಎಷ್ಟು ಜನ ಆಗಿಲ್ಲ ನಿಂಗೆ? ಅಳು ಬಂತಾ?"

"ಇಲ್ಲ."

"ನಮ್ಮೋರಿಗೆ ಬರಲ್ಲ ಕಣೋ. ಸುಮ್ನೆ ಎದ್ದು ಬಾ."

ಕೋಣೆಯಲ್ಲಿ ನರ್ಸ್ ಹೆಂಡತಿಯ ದಿಂಬು ಸರಿಪಡಿಸುತ್ತಿದ್ದಳು. "ಬನ್ನಿ ಸಾರ್, ಅಮ್ಮನ ಹತ್ರ ಕೂತ್ಕೊಳ್ಳಿ."

"ಮಗ ಅಲ್ಲಮ್ಮ, ಗಂಡ" ಎಂದಳು ಹೆಂಡತಿ.

"ಆಯ್ತಜ್ಜಿ, ಆಯ್ತು" ಎಂದ ನರ್ಸ್, ಪಾಪ, ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನುವಂತೆ ಅವನತ್ತ ತಲೆಯಾಡಿಸಿದಳು. ಅವನೂ ತಲೆಯಾಡಿಸಿದ. ಹೆಂಡತಿ ಅದನ್ನು ನೋಡಿದಳು.

ನರ್ಸ್ ಆಚೆ ಹೋದಳು. ಅವನು ಹೆಂಡತಿಯ ಕೈ ಹಿಡಿದು ಕೂತ. ಈ ಸಲವಾದರೂ ಎದ್ದು ಹೋಗಬಾರದು, ಕೊನೆಯವರೆಗೆ ಇಲ್ಲೇ ಇರಬೇಕು ಎಂದು ನಿಜಕ್ಕೂ ಆಸೆಯಿತ್ತು. ಆಸೆಯೇನೋ ಇತ್ತು, ಎದೆಯಲ್ಲಿ ಏನೂ ಅಲುಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಅರ್ಧ ತಲೆ ಕಪ್ಪಗೇ ಇದೆಯಲ್ರೀ" ಎಂದಳು.

"ಫೋನ್ ಬಂತು."

"ನಿಮ್ಮಕ್ಕಂದಾ?"

ಅವನು ಚಾದರದ ಸುಕ್ಕು ತೀಡಿದ.

"ಬ್ರೆಡ್ ಮುಗಿದಿದೆ. ತಂದುಬಿಡಿ."

"ಈಗಲೇ?"

"ಈಗಲೇ. ನೀವು ಕೂತ್ಕೊಂಡು ಮಾಡೋದಾದ್ರೂ ಏನಿದೆ?"

ನೀರು ಕೂಡ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾಕೆ ಕಳಿಸುತ್ತಿದ್ದಾಳೆಂದು ಅವನಿಗೆ ಗೊತ್ತು, ಗೊತ್ತಿದೆಯೆಂದು ಅವಳಿಗೂ ಗೊತ್ತು. ಇಲ್ಲೇ ಇರ್ತೀನಿ ಎನ್ನಬಹುದಿತ್ತು.

"ಬಿಳೀದಾ, ಕಂದು ಬಣ್ಣದ್ದಾ?" ಎಂದು ಕೇಳಿದ.

"ಯಾವ್ದಾದ್ರೂ ಆಗುತ್ತೆ" ಎಂದು ಅವಳು ತಾನೇ ಕೈ ಬಿಡಿಸಿಕೊಂಡಳು.

ಬೇಕರಿಯ ಮುಂದೆ ಉದ್ದದ ಸಾಲಿತ್ತು. ಬೇಗ ಬೇಗ ಸರಿಯಿತು, ಅವನ ಸರದಿಯೂ ಬಂದೇಬಿಟ್ಟಿತು. ಬ್ರೆಡ್ ಕೊಂಡರೆ ಮನೆಗೆ ಹೋಗಲೇಬೇಕು.

"ಏನ್ ಕೊಡ್ಲಿ ಸಾರ್?"

ಅವನು ಹಿಂದೆ ತಿರುಗಿದ. ಒಬ್ಬ ಮುದುಕ ನಿಂತಿದ್ದ. "ನೀವು ಮುಂದೆ ಹೋಗಿ. ನಂಗೇನೂ ಅವಸರ ಇಲ್ಲ."

"ನೂರು ಕಾಲ ಬಾಳಪ್ಪ" ಎಂದು ಮುದುಕ ಮುಂದೆ ಹೋದ.

ಮುದುಕನ ಹಿಂದೆ ಒಬ್ಬ ಬಸುರಿ. ಅವಳ ಹಿಂದೆ ಹೆಲ್ಮೆಟ್ ತೆಗೆಯದ ಒಬ್ಬ, ಆಮೇಲೆ ಕೈ ಕೈ ಹಿಡಿದ ಇಬ್ಬರು ಹುಡುಗಿಯರು. ಹೋಗಿ, ನೀವು ಹೋಗಿ ಎನ್ನುತ್ತಲೇ ಇದ್ದ. ಅವರೆಲ್ಲ ಅವನನ್ನು ದಾಟಿ, ಬೇಕಾದದ್ದು ಕೊಂಡು, ಒಬ್ಬೊಬ್ಬರಾಗಿ ತಿರುವಿನಲ್ಲಿ ಮರೆಯಾದರು. ಹಿಂದೆ ಸಾಲು ಬೆಳೆಯುತ್ತಲೇ ಇತ್ತು.