ಹೊರಳಿ ನೋಡಿದ ಗಿಳಿ

ನಾನು ಒಂದು ಕಂಪ್ಯೂಟರು. ಹುಟ್ಟಿದ್ದು ಹುಬ್ಬಳ್ಳಿಯ ಅಂಗಡಿಯೊಂದರ ಮೇಜಿನ ಮೇಲೆ. ಎಲ್ಲೆಲ್ಲಿಂದಲೋ ಬಂದ ಬಿಡಿಭಾಗಗಳನ್ನು ಸ್ಕ್ರೂ ಹಾಕಿ ಬಿಗಿದು ಬಟನ್ ಒತ್ತಿದರು. ನಾನು ಒಮ್ಮೆ ಬೀಪ್ ಎಂದೆ. ಅದೇ ನನ್ನ ಮೊದಲ ಅಳು.

ಮೊದಲ ಯಜಮಾನ ಧಾರವಾಡದ ಫೋಟೊ ಸ್ಟುಡಿಯೊದ ಫಕೀರಪ್ಪ. ಅಯ್ಯೋ, ಅವನ ಕೈಯೋ! ಯಾರ ಮುಖ ಸಿಕ್ಕರೂ ಬೆಳ್ಳಗೆ ಮಾಡುತ್ತಿದ್ದ. ಸುಕ್ಕು, ಕಲೆ, ಕೊನೆಗೆ ಉಟ್ಟ ಸೀರೆಯನ್ನೂ ಬಿಡದೆ ಎಲ್ಲವನ್ನೂ ತಿಕ್ಕಿ ನುಣ್ಣಗೆ ಮಾಡುತ್ತಿದ್ದ. "ಮಂದಿಗೆ ಚಂದ ಕಾಣಬೇಕ್ರಿ" ಎನ್ನುತ್ತಿದ್ದ. ತಿದ್ದಿದ ಚಿತ್ರ ಗಿರಾಕಿಗೆ ಹೋಗುತ್ತಿತ್ತು, ತಿದ್ದದ ಚಿತ್ರ ನನ್ನ ಎದೆಯ ಚಿಕ್ಕ ಡಬ್ಬಿಯಲ್ಲೇ, ಹಾರ್ಡ್ ಡಿಸ್ಕಿನಲ್ಲೇ, ಉಳಿಯುತ್ತಿತ್ತು.

ಸ್ಟುಡಿಯೊ ಮುಚ್ಚಿದಾಗ ನಾನು ಕಸೂತಿಯ ದಾನಮ್ಮನ ಮನೆ ಸೇರಿದೆ. ಆಕೆ ಚಿತ್ರವನ್ನು ದೊಡ್ಡದು ಮಾಡಿ, ಬಣ್ಣಗಳನ್ನು ಕಡಿಮೆ ಮಾಡಿ, ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಿದ್ದಳು. ಒಂದು ಚೌಕಕ್ಕೆ ಒಂದು ಹೊಲಿಗೆ. ಅಷ್ಟರಲ್ಲಿ ನನಗೂ ಮುಪ್ಪು ಬಂದಿತ್ತು. ಎದೆಯಲ್ಲಿ ಕಟಕಟ ಸದ್ದು, ನಡುನಡುವೆ ನಿಂತುಬಿಡುವ ರೋಗ.

ಒಂದು ದಿನ ತುಂಬು ಬಸುರಿ ಕಸ್ತೂರಿ ಬಂದಳು, ಕೈಯಲ್ಲಿ ಸತ್ತುಹೋದ ತಾಯಿಯ ಫೋಟೊ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನ ಸೀರೆ ಬೇಕು. ತಾಯಿ ತಾನೇ ಗಿಳಿಗಳನ್ನು ಹೊಲಿದಿದ್ದ ಇಳಕಲ್ ಸೀರೆಯನ್ನು ಅವಳಿಗೇ ಉಡಿಸಿ ಮಣ್ಣು ಮಾಡಿದ್ದರು.

"ಅವೇ ಗಿಳಿ ಬೇಕ್ರಿ, ಅಕ್ಕಾರ. ಅವ್ವನ ಕೈದು."

ದಾನಮ್ಮ ಫೋಟೊ ನೋಡಿದಳು. ಸೆರಗು ಗಾರೆ ನೆಲದಷ್ಟು ನುಣುಪು. "ಒಂದ ಗಿಳಿನೂ ಕಾಣವಲ್ದಲ್ಲವ್ವ!" ಹಿಂದೆ ತಿರುಗಿಸಿದರೆ ಫಕೀರಪ್ಪನ ಮುದ್ರೆ. "ತಡಿ ತಂಗಿ. ಈ ಕಂಪ್ಯೂಟರ್ ಅವಂದ ಐತಿ."

ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹುಡುಕಿದೆ. ಸಿಕ್ಕಿತು! ತಿದ್ದದ ಚಿತ್ರ, ಸೆರಗಿನ ತುಂಬ ಗಿಳಿಗಳ ಸಾಲು. ಎಲ್ಲವೂ ಮುಂದೆ ನೋಡುತ್ತಿದ್ದವು. ಕೆಳಗಿನ ಸಾಲಿನಲ್ಲಿ ಒಂದು ಮಾತ್ರ ಹಿಂದೆ ಹೊರಳಿತ್ತು. ಕಸ್ತೂರಿ ಪರದೆಯ ಮೇಲೆ ಬೆರಳಿಟ್ಟಳು.

"ಇದನ್ನ ಹಾಕೂಮುಂದ ನಾ ತೊಟ್ಟಿಲದಾಗ ಅತ್ನಂತ್ರಿ. ಅವ್ವ ಹೊಳ್ಳಿ ನೋಡಿದ್ಲಂತ, ಗಿಳಿನೂ ಹೊಳ್ಳಿಬಿಡ್ತಂತ."

ದಾನಮ್ಮ ಚಿತ್ರವನ್ನು ಚೌಕಗಳಾಗಿ ಒಡೆದು 'ಉಳಿಸು' ಎಂದು ಒತ್ತಿದಳು. ಅಲ್ಲಿಗೆ ನಾನು ನಿಂತೇಬಿಟ್ಟೆ. ಪರದೆಯ ಮೇಲೆ ಚಿತ್ರವೇನೋ ಇತ್ತು, ಆದರೆ ಯಾವ ಗುಂಡಿ ಒತ್ತಿದರೂ ನಾನು ಮಿಸುಕಲಿಲ್ಲ. ಕ್ಯಾಮೆರಾ ಫೋನು ಆಗಿನ್ನೂ ಆ ಓಣಿಗೆ ಬಂದಿರಲಿಲ್ಲ. ಆಕೆ ಚೌಕದ ಹಾಳೆ ತಂದು ಪೆನ್ಸಿಲ್ ಹಿಡಿದಳು.

"ಅಕ್ಕಾರ, ಕರೆಂಟ್ ಹೋದ್ರ? ಮೊದ್ಲ ಆ ಗಿಳಿ ಬರಕೋರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಂಚಿನಿಂದ ಎಣಿಸ್ಕೊಂತ ಬರಬೇಕು ತಂಗಿ. ನಡುವ ಹಿಡಿದ್ರ ಎಳಿ ತಪ್ಪತಾವು."

ಕಸೂತಿಯವರ ರೂಢಿ ಅದು, ಕೈಗೆ ಹತ್ತಿದ್ದು ಬಿಡುವುದಿಲ್ಲ. ಒಂದು ಸಾಲು ಮುಗಿಯಿತು. ಎರಡನೆಯದೂ ಮುಗಿಯಿತು. ನಾನು ಉಸಿರು ಬಿಗಿಹಿಡಿದು ಬೆಳಗುತ್ತಿದ್ದೆ. ಬೇಗ ತಾಯೀ, ಬೇಗ! ಪೆನ್ಸಿಲ್ ಕೆಳಗಿನ ಸಾಲಿಗೆ ಇಳಿಯಿತು. ಆ ಗಿಳಿಯ ಹಿಂದಿನ ಗಿಳಿಗೆ ಬಂದಾಗ ಫ್ಯಾನು ನಿಂತಿತು. ನಾನೂ ಕತ್ತಲಾದೆ.

ಕರೆಂಟ್ ಬಂದ ಮೇಲೆ ಎಷ್ಟು ಒತ್ತಿದರೂ ನಾನು ಏಳಲಿಲ್ಲ. ರಿಪೇರಿಯವನು ಕೈ ಚೆಲ್ಲಿದ. ದಾನಮ್ಮ ಅಳುತ್ತ ಕೇಳಿದಳು, "ಅಂದಾಜಿನ ಮ್ಯಾಲೆ ಒಂದು ಹಾಕಿ ಕೊಡ್ಲೇನ?"

"ಬ್ಯಾಡ್ರಿ. ಅದು ಅವ್ವಂದ ಆಗೂದಿಲ್ಲ. ಆ ಜಾಗಾ ಖಾಲಿ ಇರ್ಲಿ."

ಸೀರೆ ಮುಗಿದ ದಿನ ಕಸ್ತೂರಿ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳಂತೆ. ನಾನು ನೋಡಲಿಲ್ಲ. ಮೂಲೆಗೆ ಸರಿಸಿದ ನನ್ನ ಮೇಲೆ ಗೋಣಿಚೀಲ ಹೊದಿಸಿದ್ದರು.

ಈಗ ಗುಜರಿಯಲ್ಲಿದ್ದೇನೆ. ತಾಮ್ರಕ್ಕಾಗಿ ನಮ್ಮನ್ನು ಸುತ್ತಿಗೆಯಿಂದ ಒಡೆಯುತ್ತಾರೆ. ಪಕ್ಕದ ಟಿ.ವಿ. ಆಗಲೇ ಹೋಯಿತು. ಸಾವಿಗೆ ನಾನು ಅಂಜುವುದಿಲ್ಲ, ಮುಪ್ಪಾದವರು ಹೋಗಲೇಬೇಕು. ಆದರೆ ಗುಜರಿಯವನು ನನ್ನ ಎದೆಯ ಆ ಚಿಕ್ಕ ಡಬ್ಬಿಯನ್ನು ಹೊರಗೆಳೆದು ಕಲ್ಲಿನ ಮೇಲೆ ಇಟ್ಟಿದ್ದಾನೆ. ನನಗೆ ಬಾಯಿಲ್ಲ. ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ: ಎಪ್ಪಾ, ಅದನ್ನ ಒಡೀಬ್ಯಾಡೋ! ಅದರಾಗ ಒಬ್ಬಾಕಿ ತಾಯಿ ಇನ್ನೂ ಹೊಳ್ಳಿ ನೋಡಾಕತ್ತಾಳೋ!